ಹನ್ನೊಂದನೆಯ ಸಾಲು

ನನ್ನ ಗಂಡ ಫೋಲ್ಕ್‌ಮಾರ್ ತನ್ನದೇ ಅಜಾಗರೂಕತೆಯಿಂದ ಸತ್ತ ಎಂದು ಪ್ರವಾಹದ ವರದಿಯಲ್ಲಿ ಬರೆದಿದ್ದಾರೆ. ಆ ಮಾತನ್ನು ಹೊಡೆದುಹಾಕಿಸಲು ಮೂರನೇ ಸಲ ಜಿಲ್ಲಾ ಕಚೇರಿಯ ಮೆಟ್ಟಿಲು ಹತ್ತಿದೆ. ಈ ಸಲ ಚೀಲದಲ್ಲಿ ಅವನ ಪಟ್ಟಿ ಇತ್ತು.

ಅಜಾಗರೂಕನಂತೆ! ಮೂವತ್ತು ವರ್ಷ ಊರಿನ ಅಗ್ನಿಶಾಮಕ ದಳದಲ್ಲಿ ಸಂಬಳವಿಲ್ಲದೆ ದುಡಿದವನು. ‘ಆಪತ್ತಿಗೆ ನಿಮ್ಮ ಮನೆ ಸಿದ್ಧವೇ?’ ಎಂಬ ಪಟ್ಟಿಯನ್ನು ಜಿಲ್ಲಾ ಕಚೇರಿ ಮನೆಮನೆಗೆ ಹಂಚಿದಾಗ ಮಿಕ್ಕವರು ಅದರಲ್ಲಿ ಒಲೆ ಹೊತ್ತಿಸಿದರು. ಇವನು ಮಾತ್ರ ಅದಕ್ಕೆ ಪ್ಲಾಸ್ಟಿಕ್ ಹೊದಿಸಿ ನೆಲಮಾಳಿಗೆಯ ಬಾಗಿಲ ಹೊರಮೈಗೆ ಮೊಳೆ ಹೊಡೆದು ಕೂರಿಸಿದ. ಪ್ರತಿ ಅಕ್ಟೋಬರ್‌ನಲ್ಲೂ ಒಂದು ಶನಿವಾರ ನೀರು, ಕಪ್ಪು ಬ್ರೆಡ್ಡು, ಮೇಣದ ಬತ್ತಿ ಎಲ್ಲ ಎಣಿಸಿ ಸಾಲಿಗೊಂದು ಗೀಟು ಹಾಕುತ್ತಿದ್ದ. ಅವನ ತಂಗಿ ಗೆರ್ಲಿಂಡೆಗೆ ಅದೇ ನಗೆಯ ವಸ್ತು.

“ಏನೋ ಫೋಲ್ಕ್‌ಮಾರ್, ರಷ್ಯನ್ನರು ಬರೋದು ನಿನ್ನ ಡಬ್ಬಿ ಹುರುಳಿಕಾಯಿ ತಿನ್ನೋಕಾ?”

“ಬರ್ಲಿ ಬಿಡೇ. ನಿನ್ನ ಕೇಕ್ ತಿಂದು ಸಾಯೋದಕ್ಕಿಂತ ವಾಸಿ.”

ನಮ್ಮ ಕಣಿವೆಯವರಿಗೆ ನೆಲಮಾಳಿಗೆ ಎಂದರೆ ತಾಯಿಯ ಮಡಿಲು. ಯುದ್ಧದಲ್ಲಿ ಬಾಂಬು ಬಿದ್ದಾಗ ಅಜ್ಜಿಯರು ಅಲ್ಲೇ ಕೂತು ಬದುಕಿದ್ದರು. ಆಲೂಗಡ್ಡೆ, ಬಿಯರು, ಭರಣಿ ತುಂಬಿದ ಪ್ಲಮ್ ಹಣ್ಣು ಎಲ್ಲ ಅಲ್ಲೇ. ಮನೆಯ ಬೆನ್ನಿಗೇ ಹೊಳೆ ಇದೆ ಎಂಬುದು ಪಟ್ಟಿ ಬರೆದವರಿಗೂ ಹೊಳೆಯಲಿಲ್ಲ, ಓದಿದವರಿಗೂ ಹೊಳೆಯಲಿಲ್ಲ. ನಾನು ಒಮ್ಮೆ ಹೇಳಿದ್ದೆ, ಅದೂ ಹೊಳೆಗೆ ಹೆದರಿ ಅಲ್ಲ. “ಇದನ್ನೆಲ್ಲ ಮಹಡಿ ಮೇಲಿಡೋಣ ಕಣೋ, ಹತ್ತಿ ಇಳಿದು ಮೊಣಕಾಲು ಸತ್ತೋಯ್ತು.”

“ಅನ್ನೆ, ಪಟ್ಟೀಲಿ ಹೆಂಗಿದೆಯೋ ಹಂಗೇ. ತಿಳಿದೋರು ಬರ್ದಿದಾರೆ.”

ತಿಳಿದವರೇ ಶಾಲೆಯ ಮಾಡಿನ ಮೇಲಿದ್ದ ಸೈರನ್ ಇಳಿಸಿದ್ದು. ಅದು ದಂಡದ ಖರ್ಚು, ಇನ್ನು ಮೇಲೆ ಫೋನಿಗೇ ಎಚ್ಚರಿಕೆ ಬರುತ್ತದೆ ಎಂದರು. ಅವತ್ತು ಏಣಿ ಹಿಡಿದುಕೊಂಡು ನಿಂತವನೂ ಫೋಲ್ಕ್‌ಮಾರನೇ.

ಆ ಜುಲೈ ಸಂಜೆ ಏಳು ಗಂಟೆ, ಇನ್ನೂ ಹಗಲಿನಂಥ ಬೆಳಕು. ಎರಡು ದಿನದ ಮಳೆಗೆ ಹೊಳೆ ತೋಟದ ಬೆಂಚು ಮುಟ್ಟಿತ್ತು. ಕರೆಂಟು ಹೋಯಿತು. ಹಿಂದೆಯೇ ಫೋನೂ ಸತ್ತಿತು.

“ಹೊರಡೋಣ್ವಾ? ಮಹಡಿಗೆ ಹೋಗೋಣ್ವಾ?” ಎಂದೆ.

“ರೇಡಿಯೋದಲ್ಲಿ ಹೇಳ್ತಾರೆ. ಕೆಳಗಿಂದ ತರ್ತೀನಿ ತಾಳು.”

“ನಾನು ಹೋಗ್ಲಾ?”

“ಆ ಮೊಣಕಾಲು ಇಟ್ಕೊಂಡಾ? ಇವತ್ತು ಇಳಿದ್ರೆ ನಾಳೆ ಹತ್ತುತೀಯ!” ನಗುತ್ತಲೇ ಇಳಿದ.

ನೆಲಮಾಳಿಗೆಯಲ್ಲಿ ಹೊಳೆಯ ಕಡೆಯ ಕಿಟಕಿ ಒಡೆದ ಸದ್ದು ಕೇಳಿ ಮೆಟ್ಟಿಲಿಳಿದು ಬಾಗಿಲಿಗೆ ಓಡಿದೆ. ಅದು ಒಳಕ್ಕೆ ತೆರೆಯುವ ಬಾಗಿಲು. ಒಳಗೆ ತುಂಬಿದ ನೀರು ಅದನ್ನು ಚೌಕಟ್ಟಿಗೆ ಒತ್ತಿ ಹಿಡಿದಿತ್ತು. ಈ ಕಡೆಯಿಂದ ನಾನು ತಳ್ಳಿದೆ, ಆ ಕಡೆಯಿಂದ ಅವನು ಎಳೆದ. ಸಂದಿಯಲ್ಲಿ ಚಿಮ್ಮಿದ ನೀರು ಏರಿ ನನ್ನ ಸೊಂಟಕ್ಕೆ ಬಂತು. “ಮೇಲೆ ಹೋಗು ಅನ್ನೆ,” ಎಂದ. ಮತ್ತೆ ಮಾತಿಲ್ಲ. ನನ್ನ ಮೂಗಿನ ಮುಂದೆ ಪಟ್ಟಿ ಇತ್ತು.

ಆ ಹೊತ್ತಿಗೆ ರೇಡಿಯೋದಲ್ಲಿ ಏನು ಬರುತ್ತಿತ್ತು ಎಂದು ಆಮೇಲೆ ವಿಚಾರಿಸಿದೆ. ಬೇಸಿಗೆಯ ಕುಣಿತದ ಹಾಡು.

ಕಚೇರಿಯಲ್ಲಿದ್ದ ಅಧಿಕಾರಿ ಒಳ್ಳೆಯ ಶರ್ಟು ಹಾಕಿದ್ದ. “ಅನ್ನೆ ಬೋಲಿಗ್ ಅವರೇ, ಪ್ರವಾಹದಲ್ಲಿ ನೆಲಮಾಳಿಗೆಗೆ ಇಳೀಬಾರ್ದು ಅನ್ನೋದು ಎಲ್ರಿಗೂ ಗೊತ್ತಿರೋ ವಿಷಯ.”

ಪಟ್ಟಿಯನ್ನು ಮೇಜಿನ ಮೇಲಿಟ್ಟೆ. “ಹನ್ನೊಂದನೇ ಸಾಲು ಓದಿ. ಜೋರಾಗಿ.”

ಓದಿದ. “ಬ್ಯಾಟರಿ ರೇಡಿಯೋ. ಉಳಿದ ಸಾಮಾನಿನ ಜೊತೆಗೇ ಇಡಿ. ನೆಲಮಾಳಿಗೆಯಾದರೆ ಉತ್ತಮ.”

“ಕೆಳಗಿರೋ ಮೊಹರು ಯಾರ್ದು?”

“ಇದು... ಎಲ್ಲಾ ಥರದ ಆಪತ್ತಿಗೂ ಮಾಡಿದ ಪಟ್ಟಿ.”

“ನಮ್ಮ ಹೊಳೆ ಆ ‘ಎಲ್ಲಾ’ದಲ್ಲಿ ಸೇರಿಲ್ವಾ?”

ಅವನು ಕುತ್ತಿಗೆ ಉಜ್ಜಿಕೊಂಡ. “‘ದುರದೃಷ್ಟ’ ಅಂತ ಬದಲಾಯಿಸ್ಲಾ?”

“ದುರದೃಷ್ಟ ಮೊಹರು ಒತ್ತುತ್ತಾ? ‘ನಮ್ಮನ್ನು ನಂಬಿ ಸತ್ತ’ ಅಂತ ಬರೀರಿ.”

“ಅಂಥ ಕಾರಣ ನಮ್ಮ ನಮೂನೆಯಲ್ಲಿಲ್ಲ.”

“ಇಲ್ದಿದ್ರೆ ಸೇರಿಸಿ. ಕಾಯ್ತೀನಿ.”

ಕಚೇರಿ ಮುಚ್ಚುವವರೆಗೂ ಕೂತೆ. ಕೊನೆಗೆ ಅವನು ‘ಅಜಾಗರೂಕತೆ’ಯನ್ನು ಹೊಡೆದು, ಕಾರಣದ ಜಾಗವನ್ನು ಖಾಲಿ ಬಿಟ್ಟು ಸಹಿ ಮಾಡಿದ. ಪಟ್ಟಿಯನ್ನು ದಾಖಲೆಗೆ ಕೊಡಿ ಎಂದ. ಕೊಡಲಿಲ್ಲ.

ಮನೆಗೆ ತಂದು ಅಡುಗೆಮೇಜಿನ ಮೇಲೆ ಹರಡಿದೆ. ಹನ್ನೊಂದನೇ ಸಾಲಿನ ಮುಂದೆ ಒಂಬತ್ತು ಗೀಟುಗಳಿವೆ. ಎಂಟು ಅವನವು, ನೆಟ್ಟಗಿವೆ. ಕೊನೆಯದು ಸೊಟ್ಟ. ಆ ವರ್ಷ ಅವನು ನೆಲಮಾಳಿಗೆಯ ಒಳಗಿನಿಂದ ಕೂಗಿದ್ದ: “ರೇಡಿಯೋ ಇಲ್ಲೇ ಇದೆ ಅನ್ನೆ, ಗೀಟು ಹಾಕು.”

ನಾನು ಹಾಕಿದ್ದೆ.