ಪಿಕ್ಚರಿನಲ್ಲಿ ಇಲ್ಲದ ಮಗ

ನೋಡಿದ ಸಿನಿಮಾಗಳನ್ನೆಲ್ಲ ಡೈರಿಯಲ್ಲಿ ಬರೆದಿಡುವುದು ನನ್ನ ಪಾಡಿಗೆ ನಾನು ಮಾಡಿಕೊಂಡಿದ್ದ ಕೆಲಸ. ಅದನ್ನು ನಾಲ್ಕು ಜನಕ್ಕೆ ತಿಳಿಸಿದವರು ನಿರಂಜನ್ ಸರ್. ಕುಶಾಲನಗರದ ಬಸ್ ಸ್ಟ್ಯಾಂಡ್ ಹಿಂದೆ ಅವರದೊಂದು ಫೋಟೋ ಸ್ಟುಡಿಯೋ ಇದೆ. ವಾರವಿಡೀ ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಮ್ ಎಂದು ದುಡಿದು, ತಿಂಗಳಿಗೊಂದು ಭಾನುವಾರ ಹಾರ್ಡ್‌ವೇರ್ ಅಂಗಡಿಯ ಮಹಡಿಯಲ್ಲಿ ಪರದೆ ಕಟ್ಟಿ, ಯಾವ ಟಾಕೀಸಿಗೂ ಬಾರದ ಹಳೆಯ ಚಿತ್ರಗಳನ್ನು ತೋರಿಸುತ್ತಾರೆ. ಒಮ್ಮೆ ನಾನು ಕುರ್ಚಿಯ ಮೇಲೆ ಮರೆತುಹೋದ ಡೈರಿಯನ್ನು ಅವರು ಓದಿಬಿಟ್ಟಿದ್ದರು.

"ಕೇಳದೆ ಓದಿದ್ದು ತಪ್ಪೇ, ಬೈಯಮ್ಮ. ಆದ್ರೆ ಇಂಥ ಕಣ್ಣು ನಮ್ಮೂರಲ್ಲಿ ಇನ್ನೊಂದಿಲ್ಲ" ಎಂದರು.

ಟೈಲ್ಸ್ ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿಗೆ ಇಂಥ ಮಾತು ಹೇಳಿದರೆ ಅವಳ ಕಾಲು ನೆಲದ ಮೇಲೆ ನಿಲ್ಲುವುದುಂಟೇ? ಅಂದಿನಿಂದ ಬರೆದದ್ದನ್ನೆಲ್ಲ ಅವರಿಗೆ ಓದಲು ಕೊಡತೊಡಗಿದೆ. ಅವರು ಎಲ್ಲಿ ಸಿನಿಮಾದ ಬಗ್ಗೆ ಮಾತಾಡಿದರೂ "ನಮ್ಮ ದಿವ್ಯಶ್ರೀ ಬರೆದ ಹಾಗೆ" ಎಂದು ಒಂದು ಮಾತು ಸೇರಿಸುತ್ತಿದ್ದರು.

ಅವರಿಗೆ ಗೊತ್ತಿಲ್ಲದ್ದು ಒಂದಿತ್ತು. ಡೈರಿಗೆ ಇಳಿಯುವ ಮುಂಚೆ ಪ್ರತಿ ಚಿತ್ರವೂ ನಮ್ಮ ಅಜ್ಜಿಯ ಮುಂದೆ ಹಾದುಹೋಗಬೇಕಿತ್ತು.

ಅಜ್ಜಿ ವನಜಮ್ಮ, ತಾತನ ಜೊತೆ ಅರಕಲಗೂಡಿನ ಕಡೆಯಿಂದ ಬಂದು ಇಲ್ಲಿ ಶುಂಠಿ ಹಾಕಿ ನೆಲೆ ನಿಂತವಳು. ಅಪ್ಪ ಅಮ್ಮ ಹೊಲದಲ್ಲಿರುತ್ತಿದ್ದ ಹೊತ್ತಿನಲ್ಲಿ ನನ್ನನ್ನು ಸಾಕಿದ್ದು ಅವಳ ಕತೆಗಳೇ. ಕತೆ ಹೇಳಲು ಕೂತರೆ ಅವಳದೊಂದು ಕಟ್ಟಳೆ. ಕತೆಯ ಜನರನ್ನು ಅವರವರ ಮನೆ ಮುಟ್ಟಿಸದೆ ಹೇಳುವವರೂ ಏಳುವಂತಿಲ್ಲ, ಕೇಳುವವರೂ ಏಳುವಂತಿಲ್ಲ. ಕಾಡಿನಲ್ಲಿ ದಾರಿ ತಪ್ಪಿದ ರಾಜಕುಮಾರಿಯನ್ನು ಅಲ್ಲೇ ಬಿಟ್ಟು ಊಟಕ್ಕೆ ಕೂತರೆ ಆ ಅನ್ನ ಮೈಗೆ ಹತ್ತುವುದಿಲ್ಲವಂತೆ. ಈಗ ಅವಳ ಕಣ್ಣಿಗೆ ಪೊರೆ ಬಂದು, ಒಂದು ಆಪರೇಷನ್ ಆದರೂ ಟೀವಿ ಮಂಜು ಮಂಜು. ಹಾಗಾಗಿ ಕತೆ ಹೇಳುವ ಸರದಿ ನನ್ನದು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಬಿತ್ತನೆ ಶುಂಠಿ ಮುರಿಯುತ್ತಲೋ, ಸಂಜೆ ಹುರುಳಿ ಕೇರುತ್ತಲೋ, ಫೋನಿನಲ್ಲಿ ನೋಡಿದ ಚಿತ್ರವನ್ನು ಅವಳಿಗೆ ಹೇಳುತ್ತಿದ್ದೆ.

ಮೊದಮೊದಲು ಇದ್ದುದನ್ನು ಇದ್ದ ಹಾಗೆಯೇ ಹೇಳಿದ್ದೆ. ಒಂದು ಚಿತ್ರದಲ್ಲಿ ಪುಟ್ಟ ಹುಡುಗಿಯೊಬ್ಬಳು ಬಿಕೋ ಎನ್ನುವ ರೈಲ್ವೆ ಸ್ಟೇಷನ್ನಿನಲ್ಲಿ ನಿಂತಿರುತ್ತಾಳೆ. ಪರದೆ ಕಪ್ಪಾಗುತ್ತದೆ. ಅಷ್ಟೇ.

"ಅಷ್ಟೇ ಅಂದ್ರೆ?" ಎಂದಳು ಅಜ್ಜಿ. ಕೈಯಲ್ಲಿದ್ದ ಶುಂಠಿ ಕೈಯಲ್ಲೇ ಉಳಿಯಿತು. "ಆ ಮಗೀನ ಅಲ್ಲೇ ನಿಲ್ಸಿ ಬಂದ್ಯಾ?"

"ನಾನಲ್ಲ ಅಜ್ಜಿ, ಪಿಕ್ಚರ್ ತೆಗೆದೋನು."

"ಅವ್ನು ಬುಟ್ಟ. ನೀನೂ ಬುಟ್ಬುಟ್ಯಾ? ಹೆಣ್ಮಗ ಕಣೆ ಅದು."

ಆ ಮುಖ ನೋಡಲಾಗಲಿಲ್ಲ. "ಇರು ಅಜ್ಜಿ, ಇನ್ನೂ ಇದೆ, ಮರ್ತಿದ್ದೆ" ಎಂದು ಆ ಹುಡುಗಿಗೆ ಒಬ್ಬ ಸೋದರತ್ತೆಯನ್ನು ಕರೆತಂದೆ. ಅತ್ತೆ ಛತ್ರಿ ಹಿಡಿದು ಓಡೋಡಿ ಬಂದಳು. ಅಜ್ಜಿ ಸಮಾಧಾನದಿಂದ ಶುಂಠಿ ಮುರಿದಳು. ಸಂಜೆ ಡೈರಿ ಬರೆಯಲು ಕೂತಾಗ, ಯಾರು ಬೇಡವೆಂದರೂ ಕೇಳದವಳಂತೆ, ಆ ಅತ್ತೆ ಅಲ್ಲಿಗೂ ಬಂದಳು. ಆ ಸಾಲುಗಳನ್ನು ಹೊಡೆದುಹಾಕಲು ಮನಸ್ಸಾಗಲಿಲ್ಲ. ಆಮೇಲೆ ಅದೇ ರೂಢಿಯಾಯಿತು.

ಮಾರ್ಚ್ ತಿಂಗಳ ಭಾನುವಾರಕ್ಕೆ ಸರ್ ಆರಿಸಿದ್ದು ನನ್ನ ಡೈರಿಯಲ್ಲಿದ್ದ ಚಿತ್ರ. ಅವರೂ ಅದನ್ನು ನೋಡಿರಲಿಲ್ಲ. ನಾನು ಬರೆದದ್ದನ್ನು ಓದಿಯೇ ಮೆಚ್ಚಿ, ಎಲ್ಲಿಂದಲೋ ಹುಡುಕಿ ತರಿಸಿದ್ದರು. "ಈ ಸಲ ಪರಿಚಯದ ಮಾತು ನಿಂದೇ. ಚೆನ್ನಾಗಿ ಆದ್ರೆ ಮುಂದಕ್ಕೆ ಅದು ನಿನ್ನ ಜವಾಬ್ದಾರಿ. ನನ್ನ ಗಂಟ್ಲು ಕೇಳಿ ಜನಕ್ಕೂ ಬೇಜಾರಾಗಿದೆ" ಎಂದಿದ್ದರು. ನಾನು ವಾರವೆಲ್ಲ ಆ ಮಾತನ್ನೇ ಮೆಲುಕು ಹಾಕುತ್ತಿದ್ದೆ. ಬಿಲ್ಲಿನಲ್ಲಿ ಬಾತ್‌ರೂಮ್ ಟೈಲ್ಸಿನ ಜಾಗದಲ್ಲಿ ಪಾರ್ಕಿಂಗ್ ಟೈಲ್ಸ್ ಬರೆದು ಮಾಲೀಕರಿಂದ ಬೈಸಿಕೊಂಡೆ.

ದೂರದೇಶದ ಕಪ್ಪು ಬಿಳುಪು ಚಿತ್ರ ಅದು. ಹೊಳೆಯಲ್ಲಿ ದೋಣಿ ಹಾಕುವ ಒಬ್ಬ ತಾಯಿ. ಮಗ ಯುದ್ಧಕ್ಕೆ ಹೋಗಿದ್ದಾನೆ. ಅಷ್ಟರಲ್ಲಿ ಹೊಳೆಗೆ ಸೇತುವೆಯಾಗುತ್ತದೆ, ದೋಣಿ ಯಾರಿಗೂ ಬೇಡವಾಗುತ್ತದೆ. ಆದರೂ ಅವಳು ದಿನಾ ದೋಣಿಯಲ್ಲಿ ಹೋಗಿ ಕೂರುತ್ತಾಳೆ. ಮಗ ದೋಣಿ ಹುಡುಕಿಕೊಂಡೇ ಬರುತ್ತಾನೆಂದು ಅವಳ ನಂಬಿಕೆ. ನಾನು ನಾಲ್ಕು ಮಾತು ಹೇಳಿ ಕೂತೆ. ಜನ ಚಪ್ಪಾಳೆ ತಟ್ಟಿದರು.

ಚಿತ್ರ ಇನ್ನೇನು ಕಾಲು ಗಂಟೆ ಉಳಿದಿರಬೇಕು, ಹೊರಗೆ ಗಾಳಿ ಎದ್ದಿತು. ಬೇಸಿಗೆಯ ಮೊದಲ ಮಳೆ. ಒಂದು ಗುಡುಗಿಗೆ ಕರೆಂಟು ಹೋಯಿತು.

"ಹೋಯ್ತಲ್ಲ! ಆ ಅಮ್ಮನ ಮಗ ಬಂದ್ನಾ ಇಲ್ವಾ ಅಂತ ಈಗ ಯಾರನ್ನ ಕೇಳೋದು?" ಎಂದರು ದೇರಪ್ಪನವರು. ಸುಂಟಿಕೊಪ್ಪದ ಕಡೆ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದು ರಿಟೈರಾದವರು, ಒಂದು ಚಿತ್ರವನ್ನೂ ತಪ್ಪಿಸಿಕೊಂಡವರಲ್ಲ.

"ಕೇಳೋದೇನು, ದಿವ್ಯಶ್ರೀ ಬರ್ದಿದಾಳೆ" ಎಂದರು ಸರ್. "ಓದಮ್ಮ. ಕರೆಂಟ್ ಬರೋವರೆಗೆ ನಿನ್ನ ಬಾಯಲ್ಲೇ ಪಿಕ್ಚರ್ ನೋಡ್ತೀವಿ."

ಫೋನಿನ ಟಾರ್ಚ್ ಹಿಡಿದು ನಾನು ಓದಿದೆ. ಸೇತುವೆಯ ಮೇಲೆ ಯಾರೋ ನಡೆದು ಬರುತ್ತಾರೆ. ಕೆಳಗೆ ದೋಣಿಯಲ್ಲಿ ಕೂತ ತಾಯಿ ತಲೆಯೆತ್ತುವುದಿಲ್ಲ. ಹಲಗೆಯ ಮೇಲೆ ಬೀಳುವ ಹೆಜ್ಜೆಯನ್ನು ಕೇಳುತ್ತಾಳೆ. ಒಂದು ಕಾಲು ಗಟ್ಟಿ, ಒಂದು ಕಾಲು ಮೆಲ್ಲಗೆ. ಚಿಕ್ಕವನಿದ್ದಾಗ ಮರದಿಂದ ಬಿದ್ದ ಕಾಲು ಅದು. ಅವಳು ಹುಟ್ಟನ್ನು ಮೆಲ್ಲಗೆ ಕೆಳಗಿಟ್ಟು, ನೀರಿಗೆ ಕೈ ಅದ್ದಿ ಮುಖ ತೊಳೆದುಕೊಳ್ಳುತ್ತಾಳೆ, ಮನೆಗೆ ನೆಂಟರು ಬಂದಾಗ ತೊಳೆದುಕೊಳ್ಳುವ ಹಾಗೆ.

ಓದಿ ಮುಗಿಸಿದೆ. ಯಾರೋ ಮೂಗು ಒರೆಸಿಕೊಂಡರು. "ಆಹಾ" ಎಂದರು ಸರ್. ನನಗೆ ಅದಕ್ಕಿಂತ ದೊಡ್ಡ ಸಂತೋಷ ಇನ್ನಿಲ್ಲ ಅನ್ನಿಸಿತು. ಆ ಸಂತೋಷ ಮುಗಿಯುವ ಮುಂಚೆಯೇ ಕರೆಂಟು ಬಂತು.

"ಬಂತು ಬಂತು! ಹಾಕಿ ಸಾರ್, ಆ ಹೆಜ್ಜೆ ಸದ್ದು ಕೇಳ್ಬೇಕು!"

ಆಗ ನೆನಪಿಸಿಕೊಳ್ಳಲು ನೋಡಿದೆ. ಸೇತುವೆ ಕಾಣಿಸಿತು, ಹೊಳೆ ಕಾಣಿಸಿತು. ಮಗ ಕಾಣಿಸಲಿಲ್ಲ. ಅವನ ಹೆಜ್ಜೆಯ ಜಾಗದಲ್ಲಿ ಕಂಡದ್ದು ಮಣ್ಣು ಮೆತ್ತಿದ ನನ್ನ ಕೈ, ಶುಂಠಿಯ ರಾಶಿ, "ಔನ ಕಾಲಿಗೆ ಏನಾಗಿತ್ತೆ?" ಎಂದು ಕೇಳುವ ಅಜ್ಜಿ.

"ಸರ್, ಹೊತ್ತಾಯ್ತು... ಹೆಬ್ಬಾಲೆ ಕಡೆಯವ್ರಿಗೆ ಬಸ್ ತಪ್ಪತ್ತೆ" ಎಂದೆ.

"ಬಸ್ಸು ದಿನಾ ಬರತ್ತೆ ಮಾರಾಯ್ತಿ, ಈ ಹುಡುಗ ದಿನಾ ಬರ್ತಾನಾ?" ಎಂದರು ದೇರಪ್ಪನವರು. ಎಲ್ಲರೂ ನಕ್ಕರು.

ಚಿತ್ರ ಮುಂದುವರಿಯಿತು. ತಾಯಿ ದೋಣಿಯಲ್ಲಿ ಕೂತಿದ್ದಳು. ಸೇತುವೆಯ ಮೇಲೆ ಒಂದು ಲಾರಿ ಹೋಯಿತು, ಸೈಕಲ್ ಹೋಯಿತು. ಪ್ರತಿ ಸದ್ದಿಗೂ ಜನ ಕುರ್ಚಿಯ ತುದಿಗೆ ಬರುತ್ತಿದ್ದರು. "ಈಗ ಬರ್ತಾನೆ ನೋಡು" ಎಂದು ಯಾರೋ ಪಕ್ಕದವರಿಗೆ ಹೇಳಿದರು. ತಾಯಿ ಹೊಳೆಯನ್ನೇ ನೋಡುತ್ತಿದ್ದಳು. ಆಮೇಲೆ ಹೊಳೆಯೊಂದೇ ಇತ್ತು. ಆಮೇಲೆ ಹೆಸರುಗಳು ಬಂದವು.

ಯಾರೂ ಏಳಲಿಲ್ಲ. ಹೆಸರುಗಳ ಆಚೆ ಮಗ ಬರಬಹುದೆಂದು ಕಾಯುತ್ತಿದ್ದರು. ನಾನು ಚಪ್ಪಲಿಯ ಬಾರನ್ನು ನೋಡುತ್ತಾ ಕೂತಿದ್ದೆ.

"ಎಂಥ ದಿವ್ಯಶ್ರೀ, ಹುಡುಗನ್ನ ಎಲ್ಲಿ ಬಚ್ಚಿಟ್ಟೆ?" ದೇರಪ್ಪನವರದು ತಮಾಷೆಯೇ. ನಗು ಎದ್ದಿತು. ಆಗ ಸರ್ ಎದ್ದು ನಿಂತು ಕೈ ಎತ್ತಿದರು. "ನಗ್ಬೇಡಿ. ಹಳೇ ಪಿಕ್ಚರ್‌ಗಳಿಗೆ ಎರಡೆರಡು ಪ್ರಿಂಟ್ ಇರತ್ತೆ. ಸೆನ್ಸಾರ್ ಕತ್ತರಿಸಿರ್ತಾರೆ. ಅಲ್ವೇನಮ್ಮ? ನೀನು ನೋಡಿದ್ದು ಬೇರೆ ಪ್ರಿಂಟ್ ಇರ್ಬೇಕು."

ತಪ್ಪಿಸಿಕೊಳ್ಳಲೆಂದು ಅವರೇ ಬಾಗಿಲು ತೆರೆದು ಹಿಡಿದಂತಿತ್ತು. ನಾನು ನುಸುಳಿಬಿಟ್ಟೆ.

"ಹೌದು ಸರ್" ಎಂದೆ. "ಬೇರೆ ಪ್ರಿಂಟು."

ಸರ್ ಮುಖ ಹಬ್ಬವಾಯಿತು. ಯಾರಿಗೂ ಗೊತ್ತಿಲ್ಲದ ಕೊನೆ ಇರುವ ಪ್ರಿಂಟು! ಇದರ ಬಗ್ಗೆ ಬೆಂಗಳೂರಿನ ಸಿನಿಮಾ ಪತ್ರಿಕೆಗೆ ಲೇಖನ ಬರೆಯುತ್ತೇನೆ, ಬುಧವಾರವೇ ಕಳಿಸುತ್ತೇನೆ ಎಂದು ಅಲ್ಲೇ ಸಾರಿಬಿಟ್ಟರು. ಇಪ್ಪತ್ತು ಜನ ನನ್ನನ್ನು ಹೊಸದಾಗಿ ನೋಡಿದರು. ಮೆಟ್ಟಿಲಿಳಿಯುವಾಗ ದೇರಪ್ಪನವರು, "ಸಾರಿ ಕಣಮ್ಮ, ಗೊತ್ತಿಲ್ದೆ ತಮಾಷೆ ಮಾಡ್ದೆ" ಎಂದು ನನ್ನ ತಲೆ ಮುಟ್ಟಿದರು. ನೆಲ ಬಾಯಿಬಿಡಬಾರದೇ ಅನ್ನಿಸಿದ್ದು ಆಗ.

ಮಾರನೆಯ ಬೆಳಗ್ಗೆ ಅಜ್ಜಿ ಕೇಳಿದಳು, "ನೆನ್ನೆ ಯಾವ್ ಕತೆ?"

"ಹೊಸದಲ್ಲ ಅಜ್ಜಿ. ಆ ದೋಣಿಯಮ್ಮಂದು."

"ಕುಂಟ್‌ಮಗ ಬರ್ತಾನಲ್ಲ, ಅದಾ? ಇನ್ನೊಂದ್ ಸಲ ಹೇಳು."

"ಅವನು ಬರಲ್ಲ ಅಜ್ಜಿ. ಅವಳು ಕಾಯ್ತಾ ಕೂತಿರ್ತಾಳೆ. ಅಲ್ಲಿಗೆ ಮುಗಿಯತ್ತೆ. ಮಗನ್ನ ಸೇರಿಸಿದ್ದು ನಾನು."

ಅಜ್ಜಿಗೂ ಇಷ್ಟು ದಿನ ಸುಳ್ಳು ಹೇಳಿದೆನಲ್ಲ ಎಂದು ನಾನು ಕುಗ್ಗಿಹೋಗಿದ್ದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, "ಸೇರ್ಸಿದ್ರೆ ಏನಾತು? ನಾನೂ ನಿಂಗೆ ಎಸ್ಟೋ ಸೇರ್ಸೀನಿ. ಈಗ ತಗ್ದಾಕಿದ್ಯಲ್ಲ, ಅದು ತಪ್ಪು. ಆ ತಾಯಿ ಮೊಕ ನೆನ್ಕೊ" ಎಂದು ಎದ್ದು ಒಳಗೆ ಹೋದಳು. ಅವಳಂತೆ ನಾನೂ ಜಗಲಿಯ ಮೇಲೆ ಹೇಳಿದ್ದರೆ ಅದು ಕತೆ. ತಾರೀಖು ಹಾಕಿ, ನೋಡಿದೆ ಎಂದು ಬರೆದು, ಇನ್ನೊಬ್ಬರ ಕೈಗೆ ಕೊಟ್ಟಿದ್ದೆನಲ್ಲ.

ಮಂಗಳವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಸ್ಟುಡಿಯೋಗೆ ಹೋದೆ. ಸರ್ ಕಂಪ್ಯೂಟರಿನಲ್ಲಿ ಯಾರದೋ ಮದುಮಗನ ಮುಖದ ಮೊಡವೆ ಅಳಿಸುತ್ತಿದ್ದರು. ಪಕ್ಕದಲ್ಲಿ ಲೇಖನದ ಹಾಳೆಗಳಿದ್ದವು.

"ಬಾಮ್ಮ, ನಿನ್ ಹೆಸ್ರು ಮೂರು ಕಡೆ ಹಾಕಿದೀನಿ, ನೋಡು."

"ಕಳಿಸಬೇಡಿ ಸರ್. ಬೇರೆ ಪ್ರಿಂಟ್ ಇಲ್ಲ. ಮಗ ಬರೋದನ್ನ ನಾನೇ ಬರ್ದಿದ್ದು. ನಮ್ಮಜ್ಜಿಗೆ ಹೇಳೋವಾಗ ಸೇರಿಸಿದ್ದೆ, ಹಾಗೇ ಡೈರೀಲೂ ಬಂತು."

ಅವರು ಮೌಸಿನಿಂದ ಕೈ ತೆಗೆದರು. ಮೊದಲು ಅರ್ಥವಾಗದವರಂತೆ ನಕ್ಕರು. ಆಮೇಲೆ ನಗು ನಿಂತಿತು.

"ಸ್ಟೇಷನ್‌ಗೆ ಛತ್ರಿ ಹಿಡ್ಕೊಂಡು ಬರೋ ಅತ್ತೆ?"

"ಇಲ್ಲ ಸರ್."

"ಗಡಿಯಾರ ರಿಪೇರಿ ಮಾಡೋ ಮುದುಕ, ಸಾಯೋಕ್ ಮುಂಚೆ ಎಲ್ಲಾ ಗಡಿಯಾರಕ್ಕೂ ಕೀ ಕೊಡ್ತಾನಲ್ಲ?"

"ಅದು ಇದೆ ಸರ್. ಅದು ನಿಜವಾಗ್ಲೂ ಇದೆ."

ಅವರಿಗೆ ಸ್ವಲ್ಪ ಉಸಿರು ಬಂದಂತಾಯಿತು. ಮತ್ತೆ ಕೇಳಿದರು, ಈ ಸಲ ಮೆಲ್ಲಗೆ. "ಕುದುರೆ?"

ನಾನು ತಲೆ ತಗ್ಗಿಸಿದೆ. ಇನ್ನೊಂದು ಚಿತ್ರದಲ್ಲಿ ಯಜಮಾನ ಮಾರಿದ ಕುದುರೆ ಹಿಮದಲ್ಲಿ ಹತ್ತು ಊರು ದಾಟಿ ಹಿಂದಿರುಗಿ ಬಂದು ಬಾಗಿಲು ತಟ್ಟುವುದು ಅಜ್ಜಿಗೆ ಬಹಳ ಪ್ರಿಯವಾಗಿತ್ತು.

"ಅಯ್ಯೋ ದಿವ್ಯಾ" ಎಂದರು ಸರ್. ಬೈದಿದ್ದರೆ ಒಳ್ಳೆಯದಿತ್ತು. "ಆ ಕುದುರೆ ಬಗ್ಗೆ ಹೋದ ತಿಂಗಳು ಮಡಿಕೇರಿ ಕಾಲೇಜಲ್ಲಿ ಅರ್ಧ ಗಂಟೆ ಮಾತಾಡಿದೀನಿ. ಪಿಕ್ಚರ್ ಸಿಕ್ಕಿರ್ಲಿಲ್ಲ, ನಿನ್ ಡೈರಿ ನಂಬ್ಕೊಂಡೇ ಹೋಗಿದ್ದೆ. ನಾನೂ ನೋಡಿದೀನಿ ಅಂತ್ಲೇ ಹೇಳ್ದೆ. ಅಲ್ಲಿ ಪಾಠ ಮಾಡೋ ಪೂವಮ್ಮ ಮೇಡಂ ಆ ಪಿಕ್ಚರನ್ನ ಅವರ ಕ್ಲಾಸಿನ ಮಕ್ಕಳಿಗೆ ತೋರಿಸ್ತಾರಂತೆ, ಮುಂದಿನ ವಾರ."

ನಾಚಿಕೆ ನನ್ನೊಬ್ಬಳದೇ ಎಂದುಕೊಂಡು ಬಂದಿದ್ದೆ. ಅದು ನನಗಿಂತ ಮುಂಚೆ ಮಡಿಕೇರಿ ಮುಟ್ಟಿತ್ತು, ಅದೂ ಅವರ ಹೆಸರಿನಲ್ಲಿ.

ಅವರು ಹಾಳೆಗಳನ್ನು ಮಡಿಚಿ ಡ್ರಾಯರಿನೊಳಗಿಟ್ಟು ಫೋನ್ ತೆಗೆದರು. ಒಂದು ಕುಟುಂಬ ಪಾಸ್‌ಪೋರ್ಟ್ ಫೋಟೋಗೆಂದು ಒಳಗೆ ಬಂತು. "ಐದ್ನಿಮಿಷ ಕೂತ್ಕೊಳಿ" ಎಂದು ಅವರಿಗೆ ಬೆಂಚು ತೋರಿಸಿ, ನನಗೆ ಬೆನ್ನು ಮಾಡಿ ನಿಂತು ಮಾತಾಡಿದರು.

"ಮೇಡಂ, ನಿರಂಜನ್. ಆ ಕುದುರೆ ಪಿಕ್ಚರ್ ವಿಷಯ... ನಂದೇ ತಪ್ಪು ಮೇಡಂ. ವಯಸ್ಸಾಯ್ತು ನೋಡಿ, ಒಂದು ಪಿಕ್ಚರಿಗೆ ಇನ್ನೊಂದನ್ನ ಬೆರೆಸ್ಬಿಟ್ಟಿದೀನಿ..."

ನನ್ನ ಹೆಸರು ಬರಲೇ ಇಲ್ಲ. ಆಚೆಯಿಂದ ಏನು ಕೇಳಿದರೋ, "ಇಲ್ಲ ಇಲ್ಲ, ಡೈರೀಲಿ ಸರಿಯಾಗೇ ಇದೆ, ನಾನು ಓದಿದ್ದೇ ತಪ್ಪು" ಎಂದರು. ಅವರ ಕತ್ತಿನ ಹಿಂಭಾಗ ಕೆಂಪಾಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವರ ಕತ್ತು.

ಭಾನುವಾರ ಅವರು ತೆರೆದ ಬಾಗಿಲಿನಿಂದ ನುಸುಳಿ ಹೋಗಿದ್ದೆ. ಈಗಲೂ ಸುಮ್ಮನೆ ನಿಂತರೆ ಸಾಕಿತ್ತು. ಬೆಂಚಿನ ಮೇಲಿದ್ದ ಹೆಂಗಸು ನನ್ನನ್ನು ನೋಡುತ್ತಿದ್ದಳು.

"ಸರ್, ಫೋನ್ ಕೊಡಿ" ಎಂದೆ. ಅವರು ಬೇಡವೆಂದು ಕೈಯಾಡಿಸಿದರು. ನಾನು ಕೈ ಚಾಚಿಕೊಂಡೇ ನಿಂತೆ. ಕೊನೆಗೆ ಕೊಟ್ಟರು.

"ಮೇಡಂ, ನಾನು ದಿವ್ಯಶ್ರೀ" ಎಂದೆ. "ಸರ್ ಏನೂ ಬೆರೆಸಿಲ್ಲ. ಡೈರೀಲಿ ಇರೋದೇ ತಪ್ಪು. ನಾನು ಸೃಷ್ಟಿ ಮಾಡಿ ಬರ್ದಿದ್ದು."

ಪೂವಮ್ಮ ಮೇಡಂ, ಮಕ್ಕಳಿಗೆ ಪಾಠ ಬರೆಸುವಾಗಿನಂಥ ಸ್ಪಷ್ಟ ದನಿಯಲ್ಲಿ ಕೇಳಿದರು, "ಹಾಗಾದ್ರೆ ನಿಜವಾಗಿ ಕೊನೇಲಿ ಏನಾಗತ್ತೆ? ಮಕ್ಕಳು ಕುದುರೆ ಬರತ್ತೆ ಅಂತ್ಲೇ ಕಾಯ್ತಿದಾರೆ, ಮುಂಚೆನೇ ಹೇಳ್ಬೇಕಲ್ಲ."

ಸರ್ ಈಗ ನನ್ನ ಕಡೆ ತಿರುಗಿದ್ದರು. ಅವರಿಗೂ ಅದು ಗೊತ್ತಿರಲಿಲ್ಲ, ಕೇಳಿಸಿಕೊಳ್ಳಲು ಕಾಯುತ್ತಿದ್ದರು.

"ಲಾಯ ಖಾಲಿ ಇರತ್ತೆ ಮೇಡಂ" ಎಂದೆ. "ಯಜಮಾನ ಬಂದು ಬಾಗಿಲು ಹಾಕ್ತಾನೆ. ಕುದುರೆ ಬರಲ್ಲ."