ನೋಡಾನ ಬುಡವ್ವ

ಹುಣಸೂರಿನ ಕಾಲೇಜೊಂದರಲ್ಲಿ ಮಾರುಕಟ್ಟೆ ಸಮೀಕ್ಷೆಯ ಪಾಠ ಮಾಡುವ ಮಧುಶ್ರೀ, ವಿದ್ಯಾರ್ಥಿಗಳಿಗೆ ಮಾದರಿಯಾಗಲೆಂದು ತಾನೇ ಸಾರಿನ ಪುಡಿಯ ವ್ಯಾಪಾರಕ್ಕಿಳಿದಳು. ಮೊದಲು ಪಿರಿಯಾಪಟ್ಟಣದ ಒಂದು ಬೀದಿಯಲ್ಲಿ ಮನೆಮನೆಗೂ ಹೋಗಿ, ಪುಡಿ ಕೊಳ್ಳುತ್ತೀರಾ ಎಂದು ಕೇಳಿದಳು. ಎಲ್ಲರೂ ಕಾಫಿ ಕೊಟ್ಟು, "ನೋಡಾನ ಬುಡವ್ವ" ಅಂದರು. ಅದನ್ನು ಒಪ್ಪಿಗೆಯೆಂದು ಬರೆದುಕೊಂಡು, ಅಷ್ಟೂ ಮನೆಗೆ ಆಗುವಷ್ಟು ಪುಡಿ ಮಾಡಿಸಿದಳು.

ಇವತ್ತು ಚೀಲ ಹೊತ್ತು ಬಂದರೆ ಒಬ್ಬರೂ ಕೊಳ್ಳಲಿಲ್ಲ. ಕೊನೆಯ ಮನೆಯ ಶಿವನಂಜಮ್ಮ ನಕ್ಕರು.

"ತಗೋತೀನಿ ಅಂತ ನಾನೆಲ್ಲಂದೆ? ನೋಡಾನ ಅಂದೆ ಕಣವ್ವ. ಬಾಗ್ಲಿಗೆ ಬಂದ ಎಣ್ಮಗ್ಳಿಗೆ ಬ್ಯಾಡ ಅನ್ನಕ್ಕಾಯ್ತದಾ? ಇಷ್ಟು ಓದಿದ್ದೀಯ, ನಿಮ್ಮನೇಲಿ ಯಾರೂ ಅಂಗನ್ನಲ್ವಾ?"

ಮಧುಶ್ರೀಯ ಕಿವಿ ಬಿಸಿಯಾಯಿತು. ಅವಳ ಅಜ್ಜಿಯ ಕತೆಯ ರಾಜಕುಮಾರಿ ಬೇಡವಾದ ವರರನ್ನೆಲ್ಲ "ನೋಡೋಣ" ಎಂದೇ ಸಾಗಹಾಕುತ್ತಿದ್ದಳು. ವರರು ನಂಬಿ ಕಾಯುವುದನ್ನು ಕೇಳಿ ಕೇಳಿ ನಕ್ಕವಳು ತಾನೇ.

ಅವಳ ಮುಖ ನೋಡಲಾಗದೆ ಶಿವನಂಜಮ್ಮ ಒಂದು ಪೊಟ್ಟಣ ಕೊಂಡರು. ಆ ಕರುಣೆಗೆ ಅವಳು ಇನ್ನಷ್ಟು ಕುಗ್ಗಿದಳು.

"ಮುಂದಿನ ವಾರಾನೂ ಬತ್ತೀಯಾ?"

ಮಧುಶ್ರೀ ತಲೆ ತಗ್ಗಿಸಿ ಚೀಲ ಎತ್ತಿಕೊಂಡಳು.

"ನೋಡೋಣಮ್ಮ," ಅಂದಳು.