ಇಪ್ಪತ್ತೆರಡು ನೂಲು

"ಇದು ನನ್ನ ಬಟ್ಟೆ ಅಲ್ಲ" ಎಂದರು ಚಿಕ್ಕಮ್ಮ.

ಬೆಳಿಗ್ಗೆ ಹತ್ತೂವರೆ. ಸಂಜೆ ನಾಲ್ಕಕ್ಕೆ ಚಿಕ್ಕಪ್ಪ ಕೀಟ ಸಂಘದಲ್ಲಿ ಮಾತಾಡುವವರಿದ್ದರು. ಅವರು ತೋರಿಸಬೇಕಿದ್ದ ಚಿತ್ರಗಳನ್ನು ನಾನು ಚಿಕ್ಕಮ್ಮನ ಹೊಲಿಗೆ ಕೋಣೆಯ ಗೋಡೆಯ ಮೇಲೆ ಪ್ರೊಜೆಕ್ಟರಿನಿಂದ ಒಂದೊಂದಾಗಿ ಹಾಕಿ ನೋಡುತ್ತಿದ್ದೆ. ಐದನೆಯದು ಬಂದಾಗ ಚಿಕ್ಕಮ್ಮ ಯಂತ್ರದ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದರು. ಬಿಳಿ ಬಟ್ಟೆಯ ಮೇಲೆ ಕೂತ ನೀಲಿ ಮೂತಿಹುಳ, ಬೆನ್ನ ಮೇಲೆ ಎರಡು ಬಿಳಿ ಚುಕ್ಕೆ.

"ನಿಮ್ದೇ ಚಿಕ್ಕಮ್ಮ. ಚಿಕ್ಕಪ್ಪ ಗಿಡದ ಕೆಳಗೆ ಹಾಸೋ ಬಟ್ಟೆ."

"ನನ್ನ ಬಟ್ಟೆ ನಂಗೆ ಗೊತ್ತಾಗಲ್ವಾ? ನಾನು ಕೊಟ್ಟಿದ್ದು ಒಳ್ಳೇ ಪಾಪ್ಲಿನ್. ಇದ್ಯಾವ್ದೋ ಗೋಣಿಚೀಲ. ಮುಂಚಿನ ಚಿತ್ರ ಹಾಕು ನೋಡೋಣ... ಹ್ಞಾಂ, ಇದು ನಂದು. ಈಗ ಮತ್ತೆ ಅದು. ನೋಡಿದ್ಯಾ? ನೂಲು ಎರಡರಷ್ಟು ದಪ್ಪ. ಯಾರ ಮನೆ ಬಟ್ಟೆ ತಂದು ಹಾಸಿದ್ರೋ, ಕೇಳು ನಿಮ್ಮ ಚಿಕ್ಕಪ್ಪನ್ನ!"

ಅವರು ನಗುತ್ತ ಮತ್ತೆ ಚಕ್ರ ತಿರುಗಿಸಿದರು. ನನಗೆ ನಗು ಬರಲಿಲ್ಲ. ನಮ್ಮ ಹತ್ತಿರ ಇದ್ದದ್ದು ಅದೊಂದೇ ಬಟ್ಟೆ.

ಚಿಕ್ಕಪ್ಪ ಅಳತೆ-ತೂಕದ ಕಚೇರಿಯಲ್ಲಿ ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತರಾದವರು. ಈಗ ದಿನಾ ಬೆಳಿಗ್ಗೆ ಕೆರೆಯ ಬದಿಯ ಪೊದೆಗಳ ಕೆಳಗೆ ಬಟ್ಟೆ ಹಾಸಿ, ಕೊಂಬೆಯನ್ನು ಕೋಲಿನಿಂದ ತಟ್ಟಿ, ಉದುರಿದ ಹುಳಗಳನ್ನು ಬರೆದುಕೊಳ್ಳುತ್ತಾರೆ. ಕೊಲ್ಲುವುದಿಲ್ಲ, ಡಬ್ಬಿಗೂ ಹಾಕುವುದಿಲ್ಲ. ಸಂಘದ ಪ್ರೊಫೆಸರ್ ಅದಕ್ಕೇ ನಗುತ್ತಿದ್ದುದು: "ಸೂಜಿಗೆ ಚುಚ್ಚದ ಹುಳ ಬರೀ ಬಾಯಿಮಾತು ಸಾರ್." ಹಾಗಾಗಿ ಅಳತೆಯೂ ನಾನು ತೆಗೆಯುವ ಚಿತ್ರದಲ್ಲೇ ಸಿಗಬೇಕು. ಅದಕ್ಕೆ ಚಿಕ್ಕಪ್ಪನ ನಿಯಮ ಒಂದೇ. ಸಣ್ಣದನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸಿನ ಉಂಗುರವನ್ನು ಅತಿ ಹತ್ತಿರದ ಕೊನೆಯವರೆಗೂ ತಿರುಗಿಸಿಬಿಡಬೇಕು. ಆಮೇಲೆ ಉಂಗುರ ಮುಟ್ಟದೆ, ನಾನೇ ಹಿಂದೆ ಮುಂದೆ ಸರಿದು ಹುಳವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಆಗ ಚಿತ್ರದ ಅಗಲ ಯಾವಾಗಲೂ ಮೂವತ್ತಾರು ಮಿಲಿಮೀಟರ್. ಹುಳ ಅದರಲ್ಲಿ ಎಷ್ಟು ಭಾಗ ಎಂದು ನೋಡಿದರೆ ಉದ್ದ ಸಿಕ್ಕಿತು.

ನೀಲಿ ಮೂತಿಹುಳ ಹಾಗೆ ಹನ್ನೊಂದು ಮಿಲಿಮೀಟರ್ ಬಂದಿತ್ತು. ಆ ಬಣ್ಣದ, ಆ ಚುಕ್ಕೆಯ ಮೂತಿಹುಳ ಆರು ದಾಟಿದ್ದನ್ನು ಯಾರೂ ಬರೆದಿಲ್ಲ. ಹುಳ ಒಂದೇ ನಿಮಿಷ ಕೂತು ಹಾರಿಹೋಗಿತ್ತು. ಉಳಿದದ್ದು ನನ್ನ ಚಿತ್ರ ಮಾತ್ರ. ಮೊದಲ ಸಲ ಪ್ರೊಫೆಸರ್ ತಾವೇ ಫೋನ್ ಮಾಡಿ ಚಿಕ್ಕಪ್ಪನನ್ನು ಮಾತಾಡಲು ಕರೆದಿದ್ದರು.

ನಾನು ಕೋಣೆಗೆ ಹೋಗಿ ಡೈರಿ ತೆಗೆದೆ. ಹುಳ ಸಿಕ್ಕ ದಿನದ ಪುಟದಲ್ಲಿ ಹೀಗೆ ಬರೆದಿದ್ದೆ: "ಬೆಳಿಗ್ಗೆ ಮಿಂಚುಳ್ಳಿ. ಮೂರು ಚಿತ್ರ ಪರವಾಗಿಲ್ಲ. ಅಷ್ಟರಲ್ಲಿ ಚಿಕ್ಕಪ್ಪ ಕೂಗಿದರು, ಓಡುತ್ತಲೇ ಲೆನ್ಸ್ ಬದಲಿಸಿದೆ. ಕಣ್ಣಿಟ್ಟರೆ ಒಳಗೆಲ್ಲ ಮಬ್ಬು. ಮೋಡ ಬಂತೇನೋ ಎಂದು ತಲೆ ಎತ್ತಿದರೆ ಆಕಾಶ ತೊಳೆದಿಟ್ಟ ಹಾಗಿತ್ತು."

ಮಿಂಚುಳ್ಳಿಗೆ ನಾನು ಟೆಲಿಕನ್ವರ್ಟರ್ ಹಾಕುತ್ತೇನೆ. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಕೂತು ಎಲ್ಲವನ್ನೂ ಎರಡರಷ್ಟು ದೊಡ್ಡದು ಮಾಡುವ ಗಿಡ್ಡ ಕೊಳವೆ ಅದು. ನನ್ನದು ಬೇರೆ ಯಾರೋ ಮಾಡಿದ ಅಗ್ಗದ್ದು. ಕ್ಯಾಮೆರಾ ಕಂಪನಿಯದರ ಮುಂದಿನ ಗಾಜು ಉಬ್ಬಿಕೊಂಡಿರುವುದರಿಂದ ನನ್ನ ಮ್ಯಾಕ್ರೋ ಲೆನ್ಸ್ ಅದಕ್ಕೆ ಕೂರುವುದೇ ಇಲ್ಲ. ಇದು ಚಪ್ಪಟೆ, ಯಾವ ಲೆನ್ಸ್ ಕೊಟ್ಟರೂ ತೆಪ್ಪಗೆ ಕೂರಿಸಿಕೊಳ್ಳುತ್ತದೆ. ಬೆಳಕನ್ನು ಮಾತ್ರ ಮುಕ್ಕಾಲು ಪಾಲು ನುಂಗುತ್ತದೆ. ಇನ್ನೊಂದು ಗುಣವೂ ಇದೆ, ತಾನಿದ್ದೇನೆಂದು ಕ್ಯಾಮೆರಾಕ್ಕೆ ಹೇಳುವುದಿಲ್ಲ. ಚಿತ್ರದ ವಿವರದಲ್ಲಿ ಲೆನ್ಸಿನ ಹೆಸರೊಂದೇ ಬೀಳುತ್ತದೆ.

ಲೆನ್ಸ್ ಬಿಚ್ಚಲು ಎರಡು ಗುಂಡಿ: ಒಂದು ಕ್ಯಾಮೆರಾದ್ದು, ಒಂದು ಕನ್ವರ್ಟರಿನದು. ಓಡುತ್ತ ನಾನು ಒತ್ತಿದ್ದು ಎರಡನೆಯದನ್ನು. ಲೆನ್ಸ್ ಕಳಚಿ ಬಂದಿತ್ತು, ಕನ್ವರ್ಟರ್ ಕ್ಯಾಮೆರಾಕ್ಕೇ ಅಂಟಿಕೊಂಡು ಉಳಿದಿತ್ತು. ಮ್ಯಾಕ್ರೋ ಲೆನ್ಸನ್ನು ಅದರ ಮೇಲೇ ಕೂರಿಸಿದ್ದೆ.

ಹಾಗಾದರೆ ಹನ್ನೊಂದಲ್ಲ, ಐದೂವರೆ. ಎಲ್ಲರಿಗೂ ಗೊತ್ತಿರುವ ಹುಳ.

ಚಿಕ್ಕಪ್ಪ ಕನ್ನಡಿಯ ಮುಂದೆ ನಿಂತು ಇಸ್ತ್ರಿ ಮಾಡಿದ ಅಂಗಿಯ ಗುಂಡಿ ಹಾಕಿಕೊಳ್ಳುತ್ತ "ಹನ್ನೊಂದು ಮಿಲಿಮೀಟರ್" ಎನ್ನುವುದನ್ನು ಬೇರೆ ಬೇರೆ ರಾಗದಲ್ಲಿ ಹೇಳಿ ನೋಡುತ್ತಿದ್ದರು.

"ಚಿಕ್ಕಪ್ಪ, ಆ ಅಳತೆ..."

"ಮೂರು ಸಲ ಲೆಕ್ಕ ಹಾಕಿದೀನಿ ಪುಟ್ಟಿ, ಬಿಡು. ನೀನು ಗಾಬರೀಲಿ ಎರಡು ಚಿತ್ರ ಒಟ್ಟಿಗೆ ಹಾರಿಸ್ಬೇಡ, ಅಷ್ಟೇ."

ಊಟದ ಹೊತ್ತಿಗೆ ಹೇಳೋಣ ಎಂದುಕೊಂಡೆ. ಊಟಕ್ಕೆ ಕೂತಾಗ ಅವರು ಅನ್ನ ಮುಟ್ಟದೆ ಭಾಷಣದ ಹಾಳೆಯನ್ನೇ ಓದುತ್ತಿದ್ದರು. ಮೂವರೂ ಹೊರಟ ಬಸ್ಸಿನಲ್ಲಿ ಡೈರಿಯ ಒಂದು ಹಾಳೆ ಹರಿದು "ಐದನೇ ಚಿತ್ರ ಬೇಡ. ಅಳತೆ ತಪ್ಪು. ಕನ್ವರ್ಟರ್ ಇತ್ತು" ಎಂದು ಬರೆದು, ಮಡಚಿ, ಅವರ ಕೈಗಿಟ್ಟೆ.

"ಭಾಷಣಕ್ಕೆ ಸೇರಿಸೋದಾ? ಅಲ್ಲಿ ಹೋಗಿ ನೋಡ್ತೀನಿ. ಬಸ್ಸಲ್ಲಿ ಓದಿದ್ರೆ ತಲೆ ಸುತ್ತತ್ತೆ" ಎಂದು ಚೀಟಿಯನ್ನು ಜೇಬಿಗೆ ಹಾಕಿಕೊಂಡರು.

ಗ್ರಂಥಾಲಯದ ಮೇಲಂತಸ್ತಿನಲ್ಲಿ ಮಡಚುವ ಕುರ್ಚಿಗಳ ಮೇಲೆ ಮೂವತ್ತು ಜನ. ಪ್ರೊಫೆಸರ್ ಮುಂದಿನ ಸಾಲಿನಲ್ಲಿ, ಪೆನ್ನಿನ ಮುಚ್ಚಳ ತೆಗೆದೇ ಕೂತಿದ್ದರು. "ಇವತ್ತೇ ಪತ್ರಿಕೆಗೆ ಟಿಪ್ಪಣಿ ಕಳಿಸ್ತೀನಿ ಸಾರ್. ನಿಮ್ಮ ಹೆಸರಲ್ಲೇ" ಎಂದರು. ಈ ಸಲ ಅವರ 'ಸಾರ್'ನಲ್ಲಿ ಕುಹಕವಿರಲಿಲ್ಲ.

ಚಿಕ್ಕಪ್ಪನ ಜೇಬಿನಿಂದ ಚೀಟಿಯ ಮೂಲೆ ಹೊರಗೆ ಕಾಣುತ್ತಿತ್ತು. ಅವರು ಅದನ್ನು ಮರೆತೇಬಿಟ್ಟಿದ್ದರು.

ಮೊದಲ ಚಿತ್ರ. ಎರಡನೆಯದು. ಮೂರನೆಯದಕ್ಕೆ ಚಪ್ಪಾಳೆಯೂ ಬಿತ್ತು. ನಾಲ್ಕನೆಯದರಲ್ಲಿ ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು.

"ಈಗ ನಾವೆಲ್ಲ ಕಾಯ್ತಿದ್ದ ಅತಿಥಿ. ಮುಂದೆ, ಪುಟ್ಟಿ."

ನನ್ನ ಬೆರಳು ಗುಂಡಿಯ ಮೇಲಿತ್ತು. ಒತ್ತಲಿಲ್ಲ.

"ಮುಂದೆ."

ಯಾರೋ ಕೆಮ್ಮಿದರು. ಪ್ರೊಫೆಸರ್ ತಿರುಗಿ ನೋಡಿದರು. ಹಿಂದಿನ ಸಾಲಿನಿಂದ ಚಿಕ್ಕಮ್ಮ "ಗುಂಡಿ ಕೆಟ್ಟೋಯ್ತೇನೇ?" ಎಂದು ಪಿಸುಗುಟ್ಟಿದ್ದು ಇಡೀ ಕೋಣೆಗೆ ಕೇಳಿಸಿತು.

ಎದ್ದು ನಿಂತೆ. ಕುರ್ಚಿ ಪಟ್ಟನೆ ಮಡಚಿಕೊಂಡಿತು.

"ಅಳತೆ ತಪ್ಪು" ಎಂದೆ. "ನನ್ನ ತಪ್ಪು. ಕನ್ವರ್ಟರ್ ತೆಗೀದೇ ಹೊಡೆದಿದ್ದೆ. ಹುಳ ಅರ್ಧದಷ್ಟೇ ಇದೆ."

ಚಿಕ್ಕಪ್ಪ ನನ್ನನ್ನು ನೋಡಿದರು. ಮುಖದಲ್ಲಿ ಏನೂ ಇರಲಿಲ್ಲ; ಅಂಗಡಿಯ ತಕ್ಕಡಿಯ ಮುಂದೆ ನಿಂತಾಗ ಹೀಗೇ ಇರುತ್ತಿದ್ದರೇನೋ.

"ಅರ್ಧ ಅಂದ್ರೆ? ಅಳೆದಿದ್ದಾ, ಅಂದಾಜಾ?"

"ಅಂದಾಜು."

"ಹಾಗಾದ್ರೆ ಅದೂ ಹೇಳ್ಬಾರ್ದು. ಚಿತ್ರ ಹಾಕು."

ಹಾಕಿದೆ. ಅವರು ಚೀಲದಿಂದ ಮಡಚಿಟ್ಟ ಅದೇ ಬಟ್ಟೆ, ಭೂತಗನ್ನಡಿ, ಕಚೇರಿ ಕಾಲದ ಉಕ್ಕಿನ ಸ್ಕೇಲು ತೆಗೆದು ಮೇಜಿನ ಮೇಲಿಟ್ಟರು. "ಏನೇ, ಬಾ ಇಲ್ಲಿ" ಎಂದು ಚಿಕ್ಕಮ್ಮನನ್ನು ಕರೆದರು. "ಹುಳದ ಮೂತಿಯಿಂದ ಹಿಂದಿನ ತುದಿಯವರೆಗೆ ಎಷ್ಟು ನೂಲು, ಎಣಿಸು."

ಚಿಕ್ಕಮ್ಮ ಪರದೆಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಬೆರಳಿಟ್ಟು, ಜೋರಾಗಿ ಎಣಿಸಿದರು. ಒಂದು ಸಲ ತಪ್ಪಿ ಮತ್ತೆ ಮೊದಲಿಂದ ಶುರು ಮಾಡಿದರು. ಯಾರೂ ನಗಲಿಲ್ಲ.

"ಇಪ್ಪತ್ತೆರಡು."

"ಈಗ ಬಟ್ಟೇಲಿ ಇಪ್ಪತ್ತೆರಡು."

ಚಿಕ್ಕಮ್ಮ ಸೆರಗಿಗೆ ಚುಚ್ಚಿಕೊಂಡಿದ್ದ ಸೂಜಿ ತೆಗೆದು, ಭೂತಗನ್ನಡಿಯ ಕೆಳಗೆ ಒಂದೊಂದೇ ನೂಲು ದಾಟಿಸಿದರು. ಪ್ರೊಫೆಸರೂ ಎದ್ದು ಬಂದು ಬಗ್ಗಿದರು. ಸೂಜಿ ನಿಂತ ಕಡೆ ಚಿಕ್ಕಪ್ಪ ಸ್ಕೇಲು ಇಟ್ಟರು. ತೆಗೆದು ಇನ್ನೊಮ್ಮೆ ಇಟ್ಟರು.

"ಐದೂವರೆ" ಎಂದರು. "ಬರ್ಕೊಳ್ಳಿ ಸಾರ್. ಹೊಸದಲ್ಲ."

ಪ್ರೊಫೆಸರ್ ಪೆನ್ನಿನ ಮುಚ್ಚಳ ಹಾಕಿದರು. ಚಿಕ್ಕಪ್ಪ ಆರನೇ ಚಿತ್ರ ಕೇಳಿದರು. ಹತ್ತನೆಯದರವರೆಗೂ ಹಾಳೆ ನೋಡಿಕೊಂಡೇ ಓದಿದರು.

ವಾಪಸು ಬರುವಾಗ ಬಸ್ಸಿನಲ್ಲಿ ಟಿಕೆಟ್ ಹುಡುಕಲು ಜೇಬಿಗೆ ಕೈ ಹಾಕಿದರು, ಚೀಟಿ ಬಂತು. ಬಿಡಿಸಿ ಓದಿದರು. ತಲೆ ಸುತ್ತಿದ ಹಾಗೆ ಕಾಣಲಿಲ್ಲ.

"ಯಾವಾಗ ಗೊತ್ತಾಯ್ತು?"

"ಹತ್ತೂವರೆಗೆ."

"ಹತ್ತೂವರೆಯಿಂದ ನಾಲ್ಕೂಕಾಲು." ಕಿಟಕಿಯ ಹೊರಗೆ ನೋಡಿದರು. "ಹುಳದ ಅಳತೆ ತಪ್ಪಿದ್ರೆ ಸ್ಕೇಲ್ ಇದೆ. ಐದೂಮುಕ್ಕಾಲು ಗಂಟೆ ಪಕ್ಕದಲ್ಲೇ ಕೂತಿದ್ಯಲ್ಲೇ, ಅದನ್ನ ಯಾವ್ದರಲ್ಲಿ ಅಳೀಲಿ ನಾನು?"

ಚಿಕ್ಕಮ್ಮ ನಮ್ಮಿಬ್ಬರ ನಡುವೆ ಕೂತು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡರು.

ಮಾರನೇ ದಿನ ಕೆರೆಗೆ ಯಾರೂ ಹೋಗಲಿಲ್ಲ. ಅದರ ಮಾರನೇ ಬೆಳಿಗ್ಗೆ ನಾನು ಎದ್ದಾಗ ಹೊಲಿಗೆ ಯಂತ್ರದ ಸದ್ದು. ಚಿಕ್ಕಮ್ಮ ಅದೇ ಬಟ್ಟೆಗೆ ಉದ್ದಕ್ಕೂ ಅಡ್ಡಕ್ಕೂ ಕಪ್ಪು ನೂಲಿನ ಗೆರೆ ಹಾಕುತ್ತಿದ್ದರು, ಐದೈದು ಮಿಲಿಮೀಟರಿಗೆ ಒಂದು. ಹುಳ ಎಲ್ಲಿ ಬಿದ್ದರೂ ಪಕ್ಕದಲ್ಲೊಂದು ಗೆರೆ ಇರಲೇಬೇಕು. ಚಿಕ್ಕಪ್ಪ ಪಕ್ಕದಲ್ಲಿ ನಿಂತು ಉಕ್ಕಿನ ಸ್ಕೇಲು ಹಿಡಿದು ಒಂದೊಂದನ್ನೂ ಅಳೆಯುತ್ತಿದ್ದರು.

"ಏಳನೇದು ಕೂದಲೆಳೆಯಷ್ಟು ಆಚೆ ಹೋಗಿದೆ. ಬಿಚ್ಚು."

"ರೀ, ಹುಳ ಬಂದು ಕಂಪ್ಲೇಂಟ್ ಕೊಡತ್ತಾ?"

"ಬಿಚ್ಚು ಅಂದೆ."

ನನ್ನತ್ತ ತಿರುಗದೆ ಸ್ಕೇಲನ್ನು ಚಾಚಿದರು. "ನೀನೂ ನೋಡು. ತಪ್ಪಿದ್ರೆ ಈಗ್ಲೇ ಹೇಳು."

ಬಗ್ಗಿ ನೋಡಿದೆ. ಏಳನೆಯದು ಸರಿಯಾಗೇ ಇತ್ತು. ಎಂಟನೆಯದು ತಪ್ಪಿತ್ತು.

ಹೇಳಿದೆ.